ಮಾತು ಬಾರದ ಸಂತ: ಫ್ರಾನ್ಸಿಸ್ ಕ್ಸೇವಿಯರರ ಪತ್ರಗಳನ್ನು ಮತ್ತೆ ಓದಿದಾಗ



2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಹಳೆಯ ಗೋವೆಯಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಪಾರ್ಥಿವ ಶರೀರದ ದರ್ಶನ ನಡೆದಾಗ ನಿಮ್ಮಲ್ಲಿ ಅನೇಕರು ಹೋಗಿಬಂದಿರಿ. ಹತ್ತು ವರ್ಷಗಳಿಗೊಮ್ಮೆ ಒದಗುವ ಆ ಸಾಲಿನಲ್ಲಿ ನಾನೂ ನಿಂತಿದ್ದೆ. ನನ್ನ ಮುಂದಿದ್ದ ಹಿರಿಯರೊಬ್ಬರು ಬಿಸಿಲಿಗೆ ಬೇಸತ್ತ ಮೊಮ್ಮಕ್ಕಳಿಗೆ ಸಂತರ ಕಥೆಗಳನ್ನು ಹೇಳುತ್ತಿದ್ದರು. ಕಡಲಿಗೆ ಬಿದ್ದ ಶಿಲುಬೆಯನ್ನು ಏಡಿಯೊಂದು ಎತ್ತಿ ಹಿಡಿದು ದಡಕ್ಕೆ ತಂದುಕೊಟ್ಟದ್ದು, ದೀಕ್ಷಾಸ್ನಾನ ಕೊಟ್ಟು ಕೊಟ್ಟು ಅವರ ತೋಳುಗಳು ಸೋತುಹೋದದ್ದು, ಅವರು ಒಂದೇ ಭಾಷೆಯಲ್ಲಿ ಮಾತನಾಡಿದರೂ ಕೇಳಿದವರಿಗೆಲ್ಲ ಅವರವರ ತಾಯ್ನುಡಿಯಲ್ಲಿ ಕೇಳಿಸುತ್ತಿದ್ದದ್ದು. ಡಿಸೆಂಬರ್ 3ರ ಹಬ್ಬದ ಪ್ರಬೋಧನೆಗಳಲ್ಲಿ ಇವೇ ಕಥೆಗಳನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಗುರುಮಠದಲ್ಲಿ ಊಟದ ಹೊತ್ತಿಗೆ ಗಟ್ಟಿಯಾಗಿ ಓದಿಸುತ್ತಿದ್ದ ಸಂತರ ಚರಿತ್ರೆಗಳಿಂದ ಕಿವಿಗೆ ಬಿದ್ದವು ಅವು.

ಊರಿಗೆ ಮರಳಿದ ಮೇಲೆ, ಬಹಳ ಕಾಲದಿಂದ ಕಪಾಟಿನಲ್ಲಿದ್ದ ಒಂದು ದಪ್ಪ ಪುಸ್ತಕವನ್ನು ಕೈಗೆತ್ತಿಕೊಂಡೆ. ಅದು ಕ್ಸೇವಿಯರರ ಪತ್ರಗಳ ಇಂಗ್ಲಿಷ್ ಅನುವಾದ. ಯೇಸುಸಭೆಯ ವಿದ್ವಾಂಸರಾದ ಗೆಯೋರ್ಗ್ ಶುರ್‌ಹಾಮರ್ ಮತ್ತು ಯೋಸೆಫ್ ವಿಕಿ ಅವರು ಹಸ್ತಪ್ರತಿಗಳನ್ನು ಹೋಲಿಸಿ 1944-45ರಲ್ಲಿ ರೋಮ್‌ನಲ್ಲಿ ಪ್ರಕಟಿಸಿದ ಮೂಲ ಸಂಪುಟಗಳನ್ನು ಆಧರಿಸಿದ್ದು. ಪತ್ರಗಳು ಮತ್ತು ಸೂಚನಾಪತ್ರಗಳು ಸೇರಿ ನೂರಮೂವತ್ತಕ್ಕೂ ಹೆಚ್ಚು ಬರಹಗಳು ಅದರಲ್ಲಿವೆ. ಈ ಮೊದಲು ಪ್ರಬೋಧನೆಗೆ ಬೇಕಾದ ತುಣುಕುಗಳನ್ನಷ್ಟೇ ಹೆಕ್ಕಿಕೊಳ್ಳುತ್ತಿದ್ದ ನಾನು ಈ ಬಾರಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಬರೆದ ಕಾಲದ ಕ್ರಮದಲ್ಲಿಯೇ ಓದಿದೆ. ಹಾಗೆ ಓದಿದಾಗ ಕಂಡ ವ್ಯಕ್ತಿ ನಾನು ಪ್ರಬೋಧನೆಗಳಲ್ಲಿ ಕೊಂಡಾಡಿದವನಲ್ಲ. ಆತನಿಗೆ ಮಾತೇ ಬರುವುದಿಲ್ಲ.

ಇದು ಉತ್ಪ್ರೇಕ್ಷೆಯಲ್ಲ. 1544ರ ಜನವರಿ 15ರಂದು ಕೊಚ್ಚಿಯಿಂದ ರೋಮ್‌ನ ಸಹೋದರರಿಗೆ ಬರೆದ ಪತ್ರದಲ್ಲಿ, ಈ ಜನರ ನುಡಿ ಮಲಬಾರಿನದು, ನನ್ನದು ಬಾಸ್ಕ್, ಆದ್ದರಿಂದ ನಾವು ಒಬ್ಬರನ್ನೊಬ್ಬರು ಅರಿಯಲಾರೆವು ಎಂಬ ಭಾವವನ್ನು ಅವರೇ ತೋಡಿಕೊಂಡಿದ್ದಾರೆ. (ಅಂದಿನ ಪೋರ್ಚುಗೀಸರು ತಮಿಳನ್ನೂ ಮಲಬಾರಿನ ನುಡಿಯೆಂದೇ ಕರೆಯುತ್ತಿದ್ದರು.) ಐದು ವರ್ಷಗಳ ಬಳಿಕ, 1549ರ ನವೆಂಬರ್ 5ರಂದು ಜಪಾನಿನ ಕಾಗೋಶಿಮಾದಿಂದ ಬರೆದ ಸುದೀರ್ಘ ಪತ್ರದಲ್ಲಿ, ಜನರು ನಮ್ಮ ಬಗ್ಗೆ ಏನೇನೋ ಮಾತನಾಡಿಕೊಳ್ಳುತ್ತಿರುವಾಗ ನಾವು ಏನೂ ತಿಳಿಯದೆ ಅವರ ನಡುವೆ ಪ್ರತಿಮೆಗಳಂತೆ ನಿಂತಿದ್ದೇವೆಂದು ಬರೆಯುತ್ತಾರೆ, ಎಳೆಯ ಮಕ್ಕಳಂತೆ ಭಾಷೆ ಕಲಿಯಬೇಕಾಗಿದೆಯೆಂದೂ ಸೇರಿಸುತ್ತಾರೆ. ಪಂಚಾಶತ್ತಮದ ಭಾಷಾವರವನ್ನು ಅವರಿಗೆ ತೊಡಿಸಿದವರು ಅವರ ಮರಣಾನಂತರ ಚರಿತ್ರೆ ಬರೆದ ಭಕ್ತರು. ಅವರ ಭಕ್ತಿಯನ್ನು ನಾನು ಹಳಿಯುವುದಿಲ್ಲ. ಆದರೆ ಆ ಅಲಂಕಾರದಿಂದ ನಮಗಾದ ನಷ್ಟವನ್ನು ಹೇಳಬೇಕಾಗಿದೆ. ಭಾಷೆ ಬಾರದವನು ಕಿವಿಗೊಡುವುದನ್ನು ಕಲಿಯಬೇಕಾಗುತ್ತದೆ. ವರದಿಂದ ಭಾಷೆ ಬಂದವನಿಗೆ ಆ ಕಷ್ಟವಿಲ್ಲ. ಕ್ಸೇವಿಯರರ ಹತ್ತು ವರ್ಷಗಳ ಏಷ್ಯಾ ಯಾನದ ನಿಜವಾದ ಕಥೆ ಕಿವಿಗೊಡಲು ಕಲಿತ ಕಥೆ. ಅದನ್ನು ಅವರು ಪೂರ್ತಿ ಕಲಿಯಲಿಲ್ಲವೆಂಬುದೂ ಕಥೆಯ ಭಾಗವೇ.

ಯಾನದ ರೂಪುರೇಷೆಯನ್ನು ನೀವು ಬಲ್ಲಿರಿ. 1506ರಲ್ಲಿ ನವಾರ್ರೆಯ ಒಂದು ಕೋಟೆಮನೆಯಲ್ಲಿ ಜನನ, ಪ್ಯಾರಿಸ್‌ನಲ್ಲಿ ವಿದ್ಯಾಭ್ಯಾಸ, ಅಲ್ಲಿ ಲೊಯೋಲಾದ ಇಗ್ನೇಷಿಯಸರ ಸಹವಾಸ. 1541ರ ಏಪ್ರಿಲ್‌ನಲ್ಲಿ ಲಿಸ್ಬನ್ನಿನಿಂದ ಹೊರಟು ಹದಿಮೂರು ತಿಂಗಳ ನಂತರ, 1542ರ ಮೇ 6ರಂದು ಗೋವೆಗೆ ಬಂದಿಳಿದರು. ಅಲ್ಲಿಂದ ಕನ್ಯಾಕುಮಾರಿಯ ಆಚೀಚೆಯ ತೀರ, ಮಲಾಕಾ, ಮಲುಕು ದ್ವೀಪಗಳು, ಜಪಾನ್. 1552ರ ಡಿಸೆಂಬರ್ 3ರಂದು ಚೀನಾದ ದಡವನ್ನು ಕಣ್ಣಳತೆಯಲ್ಲಿ ನೋಡುತ್ತ ಶಾಂಗ್‌ಚುವಾನ್ ದ್ವೀಪದಲ್ಲಿ ಮರಣ. ಆಗ ಅವರಿಗೆ ನಲವತ್ತಾರು ವರ್ಷ.

ನಮ್ಮ ಪ್ರಬೋಧನೆಗಳಿಗೆ ಅತ್ಯಂತ ಪ್ರಿಯವಾದದ್ದು 1544ರ ಆ ಕೊಚ್ಚಿಯ ಪತ್ರ. ಕೈಯಲ್ಲಿ ಗಂಟೆ ಹಿಡಿದು ಬೀದಿ ಬೀದಿ ಸುತ್ತಿ ಮಕ್ಕಳನ್ನು ಕೂಡಿಸಿದ್ದು, ತೋಳುಗಳು ದಣಿದದ್ದು, ಪ್ಯಾರಿಸ್ಸಿನ ವಿಶ್ವವಿದ್ಯಾಲಯಕ್ಕೆ ಹೋಗಿ ಹುಚ್ಚನಂತೆ ಕೂಗಿ ಅಲ್ಲಿನ ಪಂಡಿತರನ್ನು ಎಚ್ಚರಿಸಬೇಕೆಂದು ಅವರಿಗೆ ಅನ್ನಿಸಿದ್ದು, ಎಲ್ಲವೂ ಅಲ್ಲಿದೆ. ಓದಿದವರ ಮೈ ನವಿರೇಳುತ್ತದೆ. 1545ರಲ್ಲಿಯೇ ಅದು ಪ್ಯಾರಿಸ್‌ನಲ್ಲಿ ಅಚ್ಚಾಯಿತು. ಅದನ್ನು ಓದಿ ಎಷ್ಟೋ ತರುಣರು ಧರ್ಮಸೇವೆಗೆ ಹೊರಟರು. ಆದರೆ ಈ ಪತ್ರ ಯಾರಿಗಾಗಿ ಬರೆದದ್ದು ಎಂಬುದನ್ನು ಮರೆಯಬಾರದು. ಯೂರೋಪಿನಲ್ಲಿ ನಕಲಾಗಿ, ಹತ್ತು ಕಡೆ ಗಟ್ಟಿಯಾಗಿ ಓದಲ್ಪಡುವ ಸಾರ್ವಜನಿಕ ಬರಹ ಅದು. ಅದರಲ್ಲಿ ಬರೆಯುವವರ ಹೃದಯದ ಉರಿ ಕಾಣುತ್ತದೆ. ದೀಕ್ಷಾಸ್ನಾನ ಪಡೆದ ಪರವ ಜನರ ಮುಖ ಕಾಣುವುದಿಲ್ಲ. ಮುತ್ತಿಗಾಗಿ ಕಡಲಿಗಿಳಿಯುವ ಆ ಜನ ಆ ಹೊತ್ತಿಗೆ ಏನು ಯೋಚಿಸುತ್ತಿದ್ದರು, ತಮಿಳಿಗೆ ತಿರುಗಿಸಿದ ಪ್ರಾರ್ಥನೆಗಳನ್ನು ಅವರು ಹೇಗೆ ಅರ್ಥಮಾಡಿಕೊಂಡರು? ಹೇಳಿಕೊಡುವವರೇ ಅವನ್ನು ಅರ್ಥ ತಿಳಿಯದೆ ಬಾಯಿಪಾಠ ಮಾಡಿಕೊಂಡವರಾಗಿದ್ದರು. ಹುಡುಗರು ವಿಗ್ರಹಗಳನ್ನು ಒಡೆದುದನ್ನು ಅವರು ಸಂತೋಷದಿಂದ ವರದಿ ಮಾಡುತ್ತಾರೆ. ನೆರೆಮನೆಯವರ ಹಬ್ಬಕ್ಕೆ ಹೋಗಿ ಪಾಯಸ ಉಂಡು ಬರುವ ನಿಮಗೆ ಆ ಸಾಲುಗಳನ್ನು ಓದುವಾಗ ಮುಜುಗರವಾದರೆ, ಅದನ್ನು ವಿಶ್ವಾಸದ ಕೊರತೆಯೆಂದು ತಿಳಿಯಬೇಡಿ. ನನಗೂ ಆಯಿತು.

ಅದೇ ವರ್ಷ, ಅದೇ ತೀರದಿಂದ ತಮ್ಮ ಸಂಗಡಿಗ ಫ್ರಾನ್ಸಿಸ್ಕೊ ಮಾನ್ಸಿಲ್ಯಾಸರಿಗೆ ಅವರು ಬರೆದ ಚಿಕ್ಕ ಚಿಕ್ಕ ಚೀಟಿಗಳಿವೆ. ನನ್ನ ಮಟ್ಟಿಗೆ ಇಡೀ ಪುಸ್ತಕದ ಸಾರ ಈ ಚೀಟಿಗಳಲ್ಲಿದೆ. ಇವು ಯಾವ ಊಟದ ಮನೆಯಲ್ಲಿಯೂ ಓದಲೆಂದು ಬರೆದವಲ್ಲ. ಒಂದರಲ್ಲಿ ಕೆಲಸದ ತರಾತುರಿ, ಇನ್ನೊಂದರಲ್ಲಿ ಕೋಪ, ಮತ್ತೊಂದರಲ್ಲಿ ಬದುಕೇ ಬೇಸರವಾಗಿದೆಯೆಂಬ ನಿಟ್ಟುಸಿರು. ಸಾರಾಯಿ ಕುಡಿಯುವ ಹೆಂಗಸರಿಗೆ ದಂಡ ಹಾಕಿ, ಸೆರೆಯಲ್ಲಿಡಿ ಎಂದು ಕಟ್ಟುನಿಟ್ಟಾಗಿ ಬರೆದ ಅದೇ ಕೈ, ಈ ಜನರನ್ನು ತಂದೆ ಮಕ್ಕಳನ್ನು ಸಹಿಸುವಂತೆ ಸಹಿಸಿಕೊಳ್ಳಿ, ಅವರ ಪ್ರೀತಿ ಗಳಿಸಿಕೊಳ್ಳಿ ಎಂದು ಮತ್ತೆ ಮತ್ತೆ ಬೇಡಿಕೊಳ್ಳುತ್ತದೆ. 1544ರ ಜೂನ್‌ನಲ್ಲಿ ಉತ್ತರದಿಂದ ಇಳಿದುಬಂದ ವಿಜಯನಗರದ ಕಡೆಯ ಕುದುರೆ ಸವಾರರು ತೀರದ ಹಳ್ಳಿಗಳನ್ನು ಕೊಳ್ಳೆಹೊಡೆದರು. ಪತ್ರಗಳಲ್ಲಿ ಅವರ ಹೆಸರು 'ಬಡಗರು', ನಮ್ಮ ಬಡಗಣ ದಿಕ್ಕಿನ ಬಡಗವೇ ಅದು. ಜನರು ಕನ್ಯಾಕುಮಾರಿಯ ಕಡಲಬಂಡೆಗಳ ಮೇಲೆ ಅಡಗಿ ಹಸಿವು ಬಾಯಾರಿಕೆಗಳಿಂದ ಸಾಯುತ್ತಿದ್ದಾರೆಂದು ತಿಳಿದೊಡನೆ ಕ್ಸೇವಿಯರರು ಮಣಪ್ಪಾಡಿನಿಂದ ಇಪ್ಪತ್ತು ದೋಣಿಗಳೊಂದಿಗೆ ಹೊರಟರು. ಗಾಳಿ ಎದುರಾಯಿತು. ಹುಟ್ಟು ಹಾಕಿದರೂ, ಹಗ್ಗ ಕಟ್ಟಿ ಎಳೆದರೂ ದೋಣಿಗಳು ಭೂಶಿರ ಮುಟ್ಟಲಿಲ್ಲ. ಸೋತು ಮಣಪ್ಪಾಡಿಗೆ ಮರಳಿ, ಗಾಳಿ ತಗ್ಗಿದೊಡನೆ ಮತ್ತೆ ಹೋಗುವೆನೆಂದು ಬರೆದರು. ಪವಾಡಗಳ ಚರಿತ್ರೆಯಲ್ಲಿ ಆಗಿದ್ದರೆ ಗಾಳಿ ನಿಲ್ಲುತ್ತಿತ್ತು. ಈ ಚೀಟಿಯಲ್ಲಿ ಅದು ನಿಲ್ಲದೆ ಬೀಸುತ್ತಲೇ ಇದೆ. ಅದರೆದುರು ಒಬ್ಬ ಗುರು ದೋಣಿಯಲ್ಲಿ ಕುಳಿತಿದ್ದಾನೆ. ಏಡಿಯ ಕಥೆಯನ್ನು ಮಕ್ಕಳಿಗೆ ಹೇಳುವುದು ಬೇಡವೆಂದು ನಾನು ಹೇಳುತ್ತಿಲ್ಲ. ಜೊತೆಗೆ ಇದನ್ನೂ ಹೇಳಬಹುದಲ್ಲವೇ ಎಂದು ಕೇಳುತ್ತಿದ್ದೇನೆ.

ಆ ತೀರದಲ್ಲಿ ಅವರನ್ನು ಬಡಗರಿಗಿಂತ ಹೆಚ್ಚು ನೋಯಿಸಿದವರು ಸ್ವಂತ ಧರ್ಮದ ಪೋರ್ಚುಗೀಸರು. ಅವರ ದರ್ಪ, ಜನರನ್ನು ಹಿಡಿದು ಗುಲಾಮರನ್ನಾಗಿಸುವ ದುರಾಸೆ ಕಂಡು ಈ ತೀರವನ್ನೇ ಬಿಟ್ಟು ಅಬಿಸೀನಿಯಾ ಕಡೆಗೆ ಹೋಗಿಬಿಡೋಣವೇ ಎಂದು ಯೋಚಿಸಿದ್ದುಂಟು. 1545ರಲ್ಲಿ ಲಿಸ್ಬನ್ನಿನ ಸಿಮಾವೊ ರೊಡ್ರಿಗಸರಿಗೆ ಬರೆಯುತ್ತ, ನಿಮ್ಮ ಸ್ನೇಹಿತರಾರನ್ನೂ ದೊರೆಯ ಅಧಿಕಾರಿಗಳಾಗಿ ಇಲ್ಲಿಗೆ ಕಳುಹಿಸಬೇಡಿ, ಇಲ್ಲಿ ಎಲ್ಲರೂ ಕಲಿಯುವುದು 'ದೋಚುವುದು' ಎಂಬ ಒಂದೇ ಲ್ಯಾಟಿನ್ ಕ್ರಿಯಾಪದದ ರೂಪಗಳನ್ನು ಎಂದು ಕಟಕಿಯಾಡುತ್ತಾರೆ. ಗುರುಮಠದಲ್ಲಿ ಲ್ಯಾಟಿನ್ ಧಾತುರೂಪಗಳನ್ನು ಉರುಹೊಡೆದ ನನ್ನಂಥವರಿಗೆ ಈ ಹಾಸ್ಯದ ಕಹಿ ಚೆನ್ನಾಗಿ ನಾಟುತ್ತದೆ.

ಇಷ್ಟು ಕಂಡವರು ಒಂದು ವರ್ಷದ ನಂತರ ಬರೆದ ಇನ್ನೊಂದು ಪತ್ರವನ್ನು ಮುಚ್ಚಿಡುವುದು ವಿಮರ್ಶೆಗೆ ಸಲ್ಲದು. 1546ರ ಮೇ 16ರಂದು ಅಂಬೋನ್ ದ್ವೀಪದಿಂದ ಪೋರ್ಚುಗಲ್ಲಿನ ದೊರೆ ಮೂರನೆಯ ಜಾನನಿಗೆ ಬರೆದ ಪತ್ರದಲ್ಲಿ, ಭಾರತದಲ್ಲಿ ಧರ್ಮವಿಚಾರಣಾ ಮಂಡಳಿಯನ್ನು ಸ್ಥಾಪಿಸಬೇಕೆಂದು ಅವರು ಕೇಳಿಕೊಂಡರು. ಗೋವೆಯಲ್ಲಿ ಆ ಮಂಡಳಿ ಸ್ಥಾಪನೆಯಾದದ್ದು 1560ರಲ್ಲಿ, ಅವರು ತೀರಿಕೊಂಡು ಎಂಟು ವರ್ಷಗಳಾದ ಮೇಲೆ, ಕೊನೆಗೊಂಡದ್ದು 1812ರಲ್ಲಿ. ಅದರ ಎಲ್ಲ ಕೃತ್ಯಗಳನ್ನು ಅವರ ತಲೆಗೆ ಕಟ್ಟುವುದು ಅನ್ಯಾಯ. ಆದರೂ ಕೇಳಿದವರಲ್ಲಿ ಅವರೂ ಒಬ್ಬರೆಂಬುದು ಅವರದೇ ಪತ್ರದಲ್ಲಿದೆ. ನಮ್ಮ ಕರಾವಳಿಯ ಕೊಂಕಣಿ ಕಥೊಲಿಕ ಮನೆತನಗಳ ಹಿರಿಯರು ಗೋವೆ ಬಿಟ್ಟು ಕನ್ನಡ ನಾಡಿಗೆ ಇಳಿದುಬರಲು ಕ್ಷಾಮ, ಕಂದಾಯ, ಯುದ್ಧಗಳ ಜೊತೆಗೆ ಆ ಮಂಡಳಿಯ ಭಯವೂ ಒಂದು ಕಾರಣವಾಗಿತ್ತು. ಅಂಥ ಮನೆತನದವರೇ ಇಂದು ಅವರನ್ನು 'ಗೊಂಯ್ಚೊ ಸಾಯ್ಬ್', ಗೋವೆಯ ಒಡೆಯ, ಎಂದು ಕರೆದು ಮೊಂಬತ್ತಿ ಹಚ್ಚುತ್ತಾರೆ. ಇದನ್ನು ವ್ಯಂಗ್ಯವೆಂದು ನಗುವವರಿದ್ದಾರೆ. ನನಗೆ ಅದರಲ್ಲಿ ಕ್ಷಮೆಯ ಗುರುತು ಕಾಣುತ್ತದೆ. ಆದರೆ ತಿಳಿದು ಕ್ಷಮಿಸುವುದು ಬೇರೆ, ತಿಳಿಯದೆ ಮರೆಯುವುದು ಬೇರೆ.

1547ರ ಡಿಸೆಂಬರ್‌ನಲ್ಲಿ ಮಲಾಕಾದಲ್ಲಿ ಅಂಜಿರೋ ಎಂಬ ಜಪಾನಿಯನ ಪರಿಚಯವಾದ ಮೇಲೆ ಪತ್ರಗಳ ಧಾಟಿಯೇ ಬದಲಾಗುತ್ತದೆ. ನಾನು ನಿಮ್ಮ ನಾಡಿಗೆ ಬಂದರೆ ಜನರು ಕ್ರೈಸ್ತರಾಗುವರೇ ಎಂದು ಇವರು ಕೇಳಿದರಂತೆ. ಕೂಡಲೇ ಆಗುವುದಿಲ್ಲ, ಮೊದಲು ಬಹಳ ಪ್ರಶ್ನೆ ಕೇಳುತ್ತಾರೆ, ನೀವು ಏನು ಉತ್ತರಿಸುತ್ತೀರೆಂದು ನೋಡುತ್ತಾರೆ, ಎಲ್ಲಕ್ಕಿಂತ ಹೆಚ್ಚಾಗಿ ನುಡಿದಂತೆ ನಡೆಯುತ್ತೀರೋ ಎಂದು ಗಮನಿಸುತ್ತಾರೆ ಎಂಬ ಅರ್ಥದ ಉತ್ತರವನ್ನು ಅಂಜಿರೋ ಕೊಟ್ಟ. ನಾನು ಓದಿದ ಮಟ್ಟಿಗೆ, ಏಷ್ಯಾದವನೊಬ್ಬನ ಮಾತಿಗೆ ಈ ಪತ್ರಗಳಲ್ಲಿ ಇಷ್ಟು ತೂಕ ಸಿಕ್ಕಿದ್ದು ಇಲ್ಲಿಂದಲೇ. ಇತ್ತ 1549ರಲ್ಲಿ ದೊರೆಗೆ ಬರೆಯುತ್ತ, ಭಾರತದಲ್ಲಿ ನಿಮ್ಮ ಆಜ್ಞೆ ಸಂಪತ್ತನ್ನು ಸಾಗಿಸಲು ನಡೆಯುತ್ತದೆ, ಧರ್ಮಕ್ಕಾಗಿ ನಡೆಯುವುದಿಲ್ಲ, ನಾನು ಜಪಾನಿಗೆ ಓಡಿಹೋಗುತ್ತಿದ್ದೇನೆ ಎಂಬಂತೆ ನಿಷ್ಠುರವಾಗಿ ಹೇಳುತ್ತಾರೆ.

1549ರ ಆಗಸ್ಟ್ 15ರಂದು ಅವರು ಕಾಗೋಶಿಮಾದಲ್ಲಿ ಇಳಿದಾಗ ಹಿಂದೆ ಯಾವ ಪೋರ್ಚುಗೀಸ್ ಫಿರಂಗಿಯೂ ಇರಲಿಲ್ಲ. ಬಂದದ್ದು ಒಬ್ಬ ಚೀನೀಯನ ಹಡಗಿನಲ್ಲಿ. ಇದನ್ನು ನಾನು ಮುಖ್ಯವೆಂದು ಭಾವಿಸುತ್ತೇನೆ. ಪರವ ಜನರು ಕ್ಸೇವಿಯರರಿಗೂ ಮೊದಲೇ, 1535ರ ನಂತರದ ವರ್ಷಗಳಲ್ಲಿ, ಪೋರ್ಚುಗೀಸ್ ನೌಕೆಗಳ ರಕ್ಷಣೆಯನ್ನು ಬಯಸಿ ದೀಕ್ಷಾಸ್ನಾನ ಪಡೆದಿದ್ದರು. ಅವರ ಪ್ರಶ್ನೆಗಳನ್ನು ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ಜಪಾನಿನಲ್ಲಿ ಪ್ರಶ್ನೆಗಳ ಹೊರತು ಬೇರೇನೂ ಇರಲಿಲ್ಲ. ನಿನ್‌ಶಿತ್ಸು ಎಂಬ ವೃದ್ಧ ಬೌದ್ಧ ಮಠಾಧಿಪತಿಯೊಡನೆ ಅವರು ಆತ್ಮದ ಅಮರತ್ವವನ್ನು ಕುರಿತು ಮಾತನಾಡಿದರು. ಆ ಮುದುಕರು ಒಮ್ಮೆ ಉಂಟು, ಒಮ್ಮೆ ಇಲ್ಲ ಎನ್ನುತ್ತಿದ್ದರೆಂದು ಗೆಳೆಯನ ಬಗ್ಗೆ ಬರೆಯುವಂತೆ ಬರೆಯುತ್ತಾರೆ. ತಪ್ಪುಗಳೂ ಆದವು. ದೇವರೆಂಬುದಕ್ಕೆ ಅಂಜಿರೋ ಹೇಳಿಕೊಟ್ಟ 'ದೈನಿಚಿ' ಎಂಬ ಪದವನ್ನು ಬಹುಕಾಲ ಬಳಸಿದರು. ಅದು ಶಿಂಗೊನ್ ಪಂಥದವರು ಆರಾಧಿಸುವ ಮಹಾವೈರೋಚನ ಬುದ್ಧನ ಹೆಸರು. ಆ ಪಂಥದ ಸನ್ಯಾಸಿಗಳು ತಮ್ಮವರೇ ಎಂದು ಆದರಿಸಿದಾಗ ಅನುಮಾನ ಬಂದು ವಿಚಾರಿಸಿ, ಬೆಚ್ಚಿಬಿದ್ದು, ದೈನಿಚಿಗೆ ಪ್ರಾರ್ಥಿಸಬೇಡಿರೆಂದು ಬೀದಿಯಲ್ಲಿ ಸಾರಲು ಸಹೋದರ ಜುವಾನ್ ಫೆರ್ನಾಂಡಿಸರಿಗೆ ಹೇಳಿದರು. ಹಿಂದಿನ ದಿನದವರೆಗೆ ಆ ಹೆಸರನ್ನೇ ಸಾರಿದವರ ಬಾಯಿಂದ ಆ ಮಾತು ಕೇಳಿದ ಯಾಮಾಗುಚಿಯ ಜನರಿಗೆ ಏನನ್ನಿಸಿರಬೇಡ! 1551ರ ಜನವರಿಯಲ್ಲಿ ಹಿಮದಲ್ಲಿ ನಡೆದು ರಾಜಧಾನಿ ಮಿಯಾಕೋ ಸೇರಿದರೆ, ಅಂತಃಕಲಹದಿಂದ ಪಾಳುಬಿದ್ದ ಆ ನಗರದಲ್ಲಿ ಚಕ್ರವರ್ತಿಯ ದರ್ಶನವೂ ಸಿಗಲಿಲ್ಲ. ಹರಕು ನಿಲುವಂಗಿಯ ಬಡತನ ಇಲ್ಲಿ ಸಾಕ್ಷ್ಯವಾಗುವುದಿಲ್ಲವೆಂದು ಅರಿತು, ಒಳ್ಳೆಯ ಉಡುಪು ಧರಿಸಿ, ಗಡಿಯಾರ ಮೊದಲಾದ ಕಾಣಿಕೆಗಳೊಡನೆ ಯಾಮಾಗುಚಿಯ ಅರಸನನ್ನು ಮತ್ತೆ ಕಂಡರು. ಆತ ಬೋಧಿಸಲು ಅನುಮತಿಯನ್ನೂ ಖಾಲಿಯಿದ್ದ ಒಂದು ಮಠವನ್ನೂ ಕೊಟ್ಟ. ಅಲ್ಲಿ ಕ್ರೈಸ್ತನಾದವರಲ್ಲಿ ಬೀವಾ ವಾದ್ಯ ನುಡಿಸುತ್ತ ಅಲೆಯುತ್ತಿದ್ದ, ದೃಷ್ಟಿ ಬಹುತೇಕ ಇಲ್ಲದ ಒಬ್ಬ ಗಾಯಕನೂ ಇದ್ದ. ಮುಂದೆ ಸಹೋದರ ಲಾರೆನ್ಸ್ ಎಂಬ ಹೆಸರಿನಿಂದ ಆತ ಜಪಾನಿನ ಧರ್ಮಸಭೆಯ ದೊಡ್ಡ ಬೋಧಕನಾದ.

ಈ ಪುಸ್ತಕದಲ್ಲಿ ನನ್ನನ್ನು ಬಹಳ ದಿನ ಕಾಡಿದ ಪತ್ರ 1552ರ ಜನವರಿ 29ರದು, ಜಪಾನಿನಿಂದ ಮರಳಿ ಕೊಚ್ಚಿಯಲ್ಲಿ ಬರೆದದ್ದು. ಯಾಮಾಗುಚಿಯ ಹೊಸ ಕ್ರೈಸ್ತರು ಕೇಳುತ್ತಾರೆ: ಈ ಸುವಾರ್ತೆಯನ್ನು ಕೇಳದೆಯೇ ಸತ್ತ ನಮ್ಮ ತಂದೆತಾಯಂದಿರ, ಹಿರಿಯರ ಗತಿಯೇನು? ದಾನಧರ್ಮ ಪ್ರಾರ್ಥನೆಗಳಿಂದ ಅವರನ್ನು ನರಕದಿಂದ ಬಿಡಿಸಲಾಗದೇ? ಆಗದು ಎಂದರು ಕ್ಸೇವಿಯರ್. ಜನರು ಅತ್ತರು. ಅಷ್ಟು ಪ್ರೀತಿಯ ಗೆಳೆಯರು ಪರಿಹಾರವಿಲ್ಲದ ದುಃಖಕ್ಕೆ ಅಳುವುದನ್ನು ಕಂಡು ನನಗೂ ಸಂಕಟವಾಗುತ್ತದೆಂದು ಅವರು ಬರೆದುಕೊಳ್ಳುತ್ತಾರೆ.

ಕೆಲವು ವರ್ಷಗಳ ಹಿಂದೆ, ಸಕಲ ಮೃತರ ಸ್ಮರಣೆಯ ನವೆಂಬರ್ 2ಕ್ಕೆ ಮುಂಚಿನ ಸಂಜೆ, ಮದುವೆಯ ನಂತರ ದೀಕ್ಷಾಸ್ನಾನ ಪಡೆದಿದ್ದ ಹೆಣ್ಣುಮಗಳೊಬ್ಬರು ಪೂಜೆಯ ಕೋರಿಕೆಯ ಚೀಟಿ ಹಿಡಿದು ನನ್ನ ಬಾಗಿಲಲ್ಲಿ ನಿಂತಿದ್ದರು. "ಸ್ವಾಮಿ, ನಮ್ಮಪ್ಪನ ಹೆಸರು ಬರೆಯಬಹುದಾ? ಅವರು ಕ್ರೈಸ್ತರಲ್ಲ" ಎಂದರು. ಧಾರಾಳವಾಗಿ ಬರೆಯಿರಿ ಎಂದೆ. ಮರುದಿನ ಪೀಠದ ಬಳಿ ಆ ಹೆಸರನ್ನು ಓದಿದೆ. ಹಾಗೆ ಹೇಳುವ ಧೈರ್ಯ ನನ್ನದಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಧರ್ಮಸಭೆಯನ್ನು ಕುರಿತು ಹೊರಡಿಸಿದ ಸಂವಿಧಾನದ 16ನೆಯ ಪರಿಚ್ಛೇದ, ತಮ್ಮ ತಪ್ಪಿಲ್ಲದೆ ಶುಭಸಂದೇಶವನ್ನು ಅರಿಯದೆ, ಪ್ರಾಮಾಣಿಕ ಹೃದಯದಿಂದ ದೇವರನ್ನು ಅರಸಿ ಮನಸ್ಸಾಕ್ಷಿಯಂತೆ ನಡೆದವರೂ ರಕ್ಷಣೆ ಹೊಂದಬಲ್ಲರೆಂದು ಬೋಧಿಸುತ್ತದೆ. ಆಕೆ ಹೊರಡುವಾಗ ಇನ್ನೊಂದು ಮಾತು ಕೇಳಿದರು: "ಹಾಗಾದರೆ ಮೊದಲಿನವರು ಯಾಕೆ ಬೇರೆ ಹೇಳ್ತಿದ್ದರು?" ನನ್ನಲ್ಲಿ ಆಗ ಉತ್ತರವಿರಲಿಲ್ಲ.

ಈಗ ಈ ಪತ್ರವನ್ನು ಆಕೆಯ ಕೈಗೆ ಕೊಡಬಹುದೆನ್ನಿಸುತ್ತದೆ. ಏಕೆಂದರೆ ಅದೇ ಪತ್ರದಲ್ಲಿ ಜಪಾನೀಯರು ಇನ್ನೊಂದು ಪ್ರಶ್ನೆ ಎತ್ತುತ್ತಾರೆ: ದೇವರು ಒಳ್ಳೆಯವನಾದರೆ ಇಷ್ಟು ಕಾಲ ನಮಗೇಕೆ ತನ್ನನ್ನು ತಿಳಿಸಲಿಲ್ಲ? ಅದಕ್ಕೆ ಕ್ಸೇವಿಯರರು, ಚೀನಾದಿಂದ ನಿಮಗೆ ಯಾವ ಧರ್ಮವೂ ಬರುವ ಮೊದಲೇ ಕೊಲ್ಲಬಾರದು, ಕದಿಯಬಾರದು ಎಂದು ನೀವು ಅರಿತಿದ್ದಿರಿ. ಯಾರೂ ಕಲಿಸದಿದ್ದರೂ, ಕಾಡಿನಲ್ಲಿ ಬೆಳೆದವನೂ ಅದನ್ನು ಬಲ್ಲನು. ದೇವರ ಕಟ್ಟಳೆ ಎಲ್ಲ ಕಟ್ಟಳೆಗಳಿಗಿಂತ ಮೊದಲು ಹೃದಯದಲ್ಲಿಯೇ ಇತ್ತು ಎಂಬ ತಾತ್ಪರ್ಯದ ಉತ್ತರ ಕೊಡುತ್ತಾರೆ. ಜನರು ಒಪ್ಪಿದರು. ಸಂತ ಪೌಲರು ರೋಮನರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದ ಮಾತೇ ಇದು. ಹಿರಿಯರ ಬಾಗಿಲನ್ನು ತೆರೆಯುವ ಕೀಲಿಕೈ ಅವರ ಕೈಯಲ್ಲಿಯೇ ಇತ್ತು. ಒಂದು ಪ್ರಶ್ನೆಗೆ ಅದನ್ನು ಬಳಸಿದವರು ಕೆಲವೇ ಪುಟಗಳಾಚೆಯ ಇನ್ನೊಂದು ಪ್ರಶ್ನೆಗೆ ಬಳಸಲಿಲ್ಲ. ಅವರು ಪ್ಯಾರಿಸ್‌ನಲ್ಲಿ ಕಲಿತ ದೈವಶಾಸ್ತ್ರದಲ್ಲಿ ಆ ಎರಡು ಬೀಗಗಳು ಬೇರೆ ಬೇರೆಯಾಗಿದ್ದವು. ಆದರೂ ತಮ್ಮ ಉತ್ತರದಿಂದ ಜನರು ಅತ್ತದ್ದನ್ನೂ ತಮಗೆ ನೋವಾದದ್ದನ್ನೂ ಅವರು ಅಳಿಸಿಹಾಕದೆ ಯೂರೋಪಿಗೆ ಬರೆದು ಕಳುಹಿಸಿದರು. 1544ರ ಪತ್ರದಲ್ಲಿ ಇಂಥ ಕಣ್ಣೀರಿಗೆ ಜಾಗವಿರಲಿಲ್ಲ.

ಒಂದು ಆಕ್ಷೇಪವನ್ನು ನೀವು ಎತ್ತಬಹುದು. ಕಾಗೋಶಿಮಾದಿಂದ ಬರೆಯುವಾಗಲೇ ಅವರು ಜಪಾನೀಯರನ್ನು ತಾವು ಕಂಡ ಜನರಲ್ಲೆಲ್ಲ ಶ್ರೇಷ್ಠರೆಂದು ಹೊಗಳಿದವರು. ಅವರಿಗೆ ಕೊಟ್ಟ ಕಿವಿಯನ್ನು ಮಣಪ್ಪಾಡಿನ ಬೆಸ್ತರಿಗೆ ಏಕೆ ಕೊಡಲಿಲ್ಲ? ಆಕ್ಷೇಪ ಸರಿಯಾದದ್ದೇ. ಓದುಬರಹ ಬಲ್ಲವರ, ಮರ್ಯಾದಸ್ಥರ ಪ್ರಶ್ನೆ ನಮಗೆ ಬೇಗ ಕೇಳಿಸುತ್ತದೆ. ಈ ಪಕ್ಷಪಾತ ಹದಿನಾರನೆಯ ಶತಮಾನದವರದು ಮಾತ್ರ ಎಂದು ಹೇಳಲು, ಧರ್ಮಕೇಂದ್ರದ ಸಭೆಗಳಲ್ಲಿ ಕೂತು ಅಭ್ಯಾಸವಿರುವ ನನಗೆ ನಾಲಗೆ ಏಳುವುದಿಲ್ಲ.

ಕೊನೆಯ ಪತ್ರಗಳು ಶಾಂಗ್‌ಚುವಾನಿನವು. ಅಲ್ಲಿ ಉಪದೇಶ ಕಡಿಮೆ, ವ್ಯವಹಾರ ಹೆಚ್ಚು. ಇನ್ನೂರು ಕ್ರುಜಾದೋ ಬೆಲೆಯ ಮೆಣಸಿಗೆ ಒಬ್ಬ ಚೀನೀ ವರ್ತಕ ತಮ್ಮನ್ನು ಗುಟ್ಟಾಗಿ ಕ್ಯಾಂಟನ್ನಿಗೆ ಮುಟ್ಟಿಸಲು ಒಪ್ಪಿದ್ದಾನೆ, ಜೊತೆಗೆ ಬರಬೇಕಿದ್ದ ದುಭಾಷಿ ಹೆದರಿ ಹಿಂದೆ ಸರಿದಿದ್ದಾನೆ, ವರ್ತಕ ಬಾರದಿದ್ದರೆ ಮುಂದೇನು ಎಂಬ ಲೆಕ್ಕಾಚಾರ. ಕೊನೆಯದು ನವೆಂಬರ್ 13ರದು. ವರ್ತಕ ಬರಲಿಲ್ಲ. ಜ್ವರ ಬಂತು. ಹುಲ್ಲಿನ ಗುಡಿಸಿಲಿನಲ್ಲಿ ಬಳಿಯಿದ್ದವನು ಆಂತೋನಿ ಎಂಬ ಚೀನೀ ತರುಣ, ಗೋವೆಯ ವಿದ್ಯಾಲಯದಲ್ಲಿ ವರ್ಷಗಟ್ಟಲೆ ಓದಿ ತನ್ನ ತಾಯ್ನುಡಿಯನ್ನೇ ಬಹುಪಾಲು ಮರೆತವನು. ಆ ದಿನಗಳ ವಿವರವನ್ನು ನಮಗೆ ತಿಳಿಸಿದವನು ಆತನೇ. ಸನ್ನಿಯಲ್ಲಿ ಅವರು ಆಕಾಶದ ಕಡೆ ನೋಡುತ್ತ ಗಟ್ಟಿಯಾಗಿ ಮಾತನಾಡುತ್ತಿದ್ದರಂತೆ. ನಡುನಡುವೆ ಯೇಸುವಿನ ಹೆಸರು ಆತನಿಗೆ ತಿಳಿಯುತ್ತಿತ್ತು. ಉಳಿದದ್ದು ಯಾವ ಭಾಷೆಯೆಂದೇ ಗೊತ್ತಾಗಲಿಲ್ಲ. ಅದು ಅವರ ತಾಯ್ನುಡಿಯಾದ ಬಾಸ್ಕ್ ಇದ್ದೀತೆಂದು ಶುರ್‌ಹಾಮರರ ಊಹೆ.